ಒಂದು ಸಲ ಮಾತು ತಪ್ಪಿಬಿಡು, ಆಯಿ

ಹಾಲುಮಡ್ಡಿ, ವರದಾ ಹೊಳೆಯ ದಂಡೆ
ಫೆಬ್ರವರಿ 30, 2231

ಬಸಲಿಂಗವ್ವ ಆಯಿಗೆ, ನಿನ್ನ ಎಂಟನೆಯ ತಲೆಯ ಮೊಮ್ಮಗಳು ಫಕೀರವ್ವ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಯಾರೋ ಹುಚ್ಚಿ ಬರೆದ ಕಾಗದವೆಂದು ಒಲೆಗೆ ಹಾಕಬೇಡ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ತಿಂಗಳ ಸಂಬಳ ತೆಗೆದುಕೊಳ್ಳುವ ಕೆಲಸಗಾರರು ಆ ಒಂದು ತಿಂಗಳಲ್ಲಿ ಕಡಿಮೆ ದುಡಿಯುತ್ತಾರೆ ಎಂಬುದು ದೇಶದ ದೊಡ್ಡ ಧಣಿಗಳ ಕಣ್ಣು ಕುಕ್ಕುತ್ತಿತ್ತಂತೆ. ಅವರು ಕೇಳಿದರು, ಮಹಾಸಭೆ ಕೈಯೆತ್ತಿತು, ತಿಂಗಳು ಉದ್ದವಾಯಿತು. ನೀವು ಸಂಸತ್ತು ಎನ್ನುವುದನ್ನೇ ನಾವು ಮಹಾಸಭೆ ಎನ್ನುತ್ತೇವೆ. ಸೂರ್ಯನೊಬ್ಬ ಕೈಯೆತ್ತಲಿಲ್ಲ. ಹಾಗಾಗಿ ನಮ್ಮ ಕ್ಯಾಲೆಂಡರು ವರ್ಷ ವರ್ಷವೂ ಜಾರಿ, ಈಗ ಸಂಕ್ರಾಂತಿ ಅಕ್ಟೋಬರಿನಲ್ಲಿ ಬರುತ್ತದೆ. ಶಾಲೆಯ ಮಕ್ಕಳೂ ಇದಕ್ಕೆ ನಗುತ್ತಾರೆ. ನಕ್ಕು ಸುಮ್ಮನಾಗುತ್ತಾರೆ.

ಮಾತು ಒರಟಾಗಿದ್ದರೆ, ನಿನಗೆ ಗೊತ್ತಿಲ್ಲದ ಶಬ್ದಗಳು ನಡುವೆ ಬಂದರೆ ಕ್ಷಮಿಸು. ಈ ಕಾಗದ ನಿನ್ನನ್ನು ಮುಟ್ಟುವಾಗ ನಿನಗೆ ಮೂವತ್ತರ ಆಸುಪಾಸು ವಯಸ್ಸು. ನನಗೆ ಐವತ್ತು ದಾಟಿದೆ. ಆಯಿ ಎನ್ನಬೇಕೋ ತಂಗಿ ಎನ್ನಬೇಕೋ ತಿಳಿಯಲಿಲ್ಲ. ಮನೆಯಲ್ಲಿ ಎಲ್ಲರೂ ನಿನ್ನನ್ನು ಆಯಿ ಎಂದೇ ನೆನೆಯುವುದರಿಂದ ಹಾಗೇ ಕರೆಯುತ್ತೇನೆ. ಇದು ನಿನಗೆ ಹೇಗೆ ತಲುಪುತ್ತದೆ ಎಂದು ನೀನು ಕೇಳಬಹುದು. ಮೇಲಿನ ಊರಿನಲ್ಲಿ ಪೋಷಕರ ಯಂತ್ರಗಳು ನೀರೆಳೆಯತೊಡಗಿದರೆ ನಮ್ಮ ವರದೆ ಕೆಲವು ಗಂಟೆ ಹಿಂದಕ್ಕೆ ಹರಿಯುತ್ತಾಳೆ. ಹಿಂದಕ್ಕೆ ಹರಿಯುವ ನೀರಿನಲ್ಲಿ ಬಿಟ್ಟ ಕಾಗದ ಹಿಂದಿನವರ ಕೈ ಸೇರುತ್ತದೆ ಎಂದು ಇಲ್ಲಿಯ ಮುದುಕಿಯರು ಹೇಳುತ್ತಾರೆ. ಇಂಥವನ್ನೆಲ್ಲ ನಂಬುವವಳಲ್ಲ ನಾನು. ಬೇರೆ ದಾರಿ ಇಲ್ಲದ್ದಕ್ಕೆ ಬರೆಯುತ್ತಿದ್ದೇನೆ.

ಪೋಷಕರು ಎಂದೆನಲ್ಲ, ಅವರು ಯಾರೆಂದು ಹೇಳುತ್ತೇನೆ. ನಿಮ್ಮ ಕಾಲದಲ್ಲಿ ಗಣಿ, ರಸ್ತೆ, ಔಷಧ, ವಿದ್ಯುತ್ತು ಎಂದು ಬೇರೆ ಬೇರೆ ವ್ಯಾಪಾರ ಮಾಡುತ್ತಿದ್ದ ದೊಡ್ಡ ಮನೆತನಗಳು ಚುನಾವಣೆಗೆ ಹಣವನ್ನು ಹಿಂಬಾಗಿಲಿನಿಂದ ಕೊಡುತ್ತಿದ್ದವಂತೆ. ಈಗ ಮುಂಬಾಗಿಲಿನಿಂದ, ವಾದ್ಯ ಸಮೇತ ಕೊಡುತ್ತವೆ. ಚುನಾವಣೆಯ ತಿಂಗಳನ್ನು ನಾವು ಊಟದ ತಿಂಗಳು ಎನ್ನುತ್ತೇವೆ. ಆ ತಿಂಗಳು ಯಾರ ಮನೆಯಲ್ಲೂ ಒಲೆ ಹೊತ್ತಿಸುವುದಿಲ್ಲ. ಓಣಿಗೊಂದು ಚಪ್ಪರ, ಚಪ್ಪರಕ್ಕೊಬ್ಬ ಅಡುಗೆಯವ, ಬೆಳಿಗ್ಗೆ ಉಪ್ಪಿಟ್ಟು, ಮಧ್ಯಾಹ್ನ ಎಣ್ಣೆಗಾಯಿ ಪಲ್ಯ, ರಾತ್ರಿ ಬೇಕೆಂದವರಿಗೆ ಬೇಕಾದದ್ದು. ಹೆಂಗಸರಿಗೆ ಸೀರೆ, ಹುಡುಗರಿಗೆ ಬೂಟು. ಎಲೆಯ ಮುಂದೆ ಕುಳಿತವರು ಮೊದಲ ತುತ್ತಿಗೆ ಮುಂಚೆ ಪೋಷಕರು ನಿಲ್ಲಿಸಿದ ಅಭ್ಯರ್ಥಿಯ ಹೆಸರು ಹೇಳಿ ಕೈ ಮುಗಿಯುತ್ತಾರೆ. ಅಲ್ಲಿಗೆ ಅನ್ನದ ಋಣ ಹತ್ತಿತು. ಪೋಷಕರ ಕಡೆಯವರು ಯಾರೂ ಹೆದರಿಸುವುದಿಲ್ಲ, ಯಾರೂ ಬೆನ್ನು ಹತ್ತುವುದಿಲ್ಲ. ಮತ ಇವತ್ತಿಗೂ ಗುಟ್ಟಿನದೇ. ಯಾರು ಯಾರಿಗೆ ಒತ್ತಿದರು ಎಂದು ಯಂತ್ರ ಬಾಯಿ ಬಿಡುವುದಿಲ್ಲ.

ನನ್ನ ಹೊಟ್ಟೆ ಉರಿಯುವುದೇ ಇಲ್ಲಿ. ಯಾರೂ ನೋಡುತ್ತಿಲ್ಲ, ಆದರೂ ಎಲ್ಲರೂ ಉಣಿಸಿದವರಿಗೇ ಒತ್ತಿ ಬರುತ್ತಾರೆ! ಮತಗಟ್ಟೆಯ ಹೊರಗೆ ದೇವರ ಹೆಸರಿನ ಒಂದು ದೀಪ ಇಟ್ಟಿರುತ್ತಾರೆ. ಹೊರಗೆ ಬಂದವರು ಅದರ ಕಂಬ ಮುಟ್ಟಿ ‘ಋಣ ತೀರಿತು’ ಎಂದು ಹೇಳಿ ಮನೆಗೆ ಹೋಗಬೇಕು. ಬೇರೆಯವರಿಗೆ ಒತ್ತಿದವನಿಗೆ ದೀಪದ ಮುಂದೆ ಆ ಮಾತು ಬಾಯಿಂದ ಹೊರಡುವುದಿಲ್ಲ. ನಮ್ಮ ಜನ ದೇವರ ದೀಪದ ಮುಂದೆ ಸುಳ್ಳು ಹೇಳುವುದಿಲ್ಲ, ಆಯಿ. ಇಡೀ ದೇಶವನ್ನು ಮಾರಿಕೊಂಡವರು ನಾವು, ಆದರೆ ಒಂದು ಸುಳ್ಳು ಹೇಳಲು ಬಾರದು.

ಗೆದ್ದು ಮಹಾಸಭೆಗೆ ಹೋದವನನ್ನು ನಾವು ಕೈಯೆತ್ತಪ್ಪ ಎನ್ನುತ್ತೇವೆ. ಹೆಂಗಸಾದರೆ ಕೈಯೆತ್ತವ್ವ. ಇದು ಬೈಗುಳವಲ್ಲ, ಕಾಗದ ಪತ್ರದಲ್ಲೂ ಬರೆಯುತ್ತಾರೆ. ಪೋಷಕರು ಕೇಳಿದ ಕಾಯಿದೆಗೆ ಕೈಯೆತ್ತುವುದೇ ಅವರ ಕೆಲಸ. ನಿಮ್ಮಲ್ಲಿ ಕೈ ಕೆಸರಾದರೆ ಬಾಯಿ ಮೊಸರಂತೆ, ನಮ್ಮಲ್ಲಿ ಕೈ ಮೇಲಾದರೆ ಸಾಕು. ಅವರೂ ಕಳ್ಳರಲ್ಲ. ನಾವು ಯಾರ ಹೆಸರು ಹೇಳಿ ಉಂಡೆವೋ ಅವನಿಗೆ ಕೊಟ್ಟ ಮಾತು ಉಳಿಸಿಕೊಳ್ಳುತ್ತೇವೆ, ಅವನು ತನಗೆ ಉಣಿಸಿದವನ ಮಾತು ಉಳಿಸಿಕೊಳ್ಳುತ್ತಾನೆ. ಕೆಳಗಿನಿಂದ ಮೇಲಿನವರೆಗೆ ಎಲ್ಲರೂ ಸತ್ಯವಂತರು. ಯಾರ ಅನ್ನವನ್ನೂ ಉಣ್ಣದೆ, ಯಾರಿಗೂ ಮಾತು ಕೊಡದೆ ಆರಾಮಾಗಿರುವವನು ಪೋಷಕನೊಬ್ಬನೇ.

ಇದೆಲ್ಲ ಎಲ್ಲಿಂದ ಶುರುವಾಯಿತು ಎಂದು ಹುಡುಕಲು ನನಗೆ ದೂರ ಹೋಗಬೇಕಾಗಿಲ್ಲ. ನಮ್ಮ ಮನೆಯ ಗೋಡೆಯ ಮಾಡದಲ್ಲಿ ನಿನ್ನ ಕುಕ್ಕರ್ ಇದೆ. ಸೀಟಿ ಹೋಗಿದೆ, ಹಿಡಿ ಮುರಿದಿದೆ, ದೀಪಾವಳಿಗೆ ಅದಕ್ಕೆ ಅರಿಶಿನ ಕುಂಕುಮ ಹಚ್ಚುತ್ತೇವೆ. ಅದರ ಕತೆಯನ್ನು ಈ ಮನೆಯ ಪ್ರತಿ ತಾಯಿಯೂ ತನ್ನ ಮಗಳಿಗೆ ಹೇಳಿದ್ದಾಳೆ. ದೆಹಲಿಯ ಸೀಟಿಗೆ ನಿಂತಿದ್ದ ಒಬ್ಬ ಸಾಹುಕಾರ ನಿಮ್ಮ ಓಣಿಯ ಹೆಂಗಸರನ್ನು ದ್ಯಾಮವ್ವನ ಗುಡಿಗೆ ಕರೆಸಿ, ಒಬ್ಬೊಬ್ಬರ ಉಡಿಗೂ ಒಂದೊಂದು ಕುಕ್ಕರ್ ಹಾಕಿಸಿ, ದೀಪದ ಮೇಲೆ ಕೈ ಇಡಿಸಿ ಆಣೆ ಮಾಡಿಸಿದ. ನಿನಗೆ ಅವನು ಬೇಡವಾಗಿದ್ದ. ಹೆಣ್ಣುಮಕ್ಕಳ ಶಾಲೆಗಾಗಿ ಜಿಲ್ಲೆಯೆಲ್ಲ ಅಲೆದ ವಕೀಲರೊಬ್ಬರು ಅದೇ ಸೀಟಿಗೆ ನಿಂತಿದ್ದರು, ಅವರು ಗೆಲ್ಲಲಿ ಎಂದು ನೀನು ಹರಕೆ ಹೊತ್ತಿದ್ದೆ. ಆದರೆ ಆಣೆ ಆಗಿಹೋಗಿತ್ತು. ಚುನಾವಣೆಯ ದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಕೂತು ಅತ್ತು, ಕಣ್ಣೊರೆಸಿಕೊಂಡು ಹೋಗಿ ಸಾಹುಕಾರನಿಗೆ ಒತ್ತಿ ಬಂದೆ. ‘ಉಪ್ಪುಂಡ ಮನಿಗೆ ಎರಡು ಬಗೀಬಾರ್ದು’ ಎಂದೆ. ನೋಡು, ಎಂಥ ಸತ್ಯವಂತೆ ನಮ್ಮ ಬಸಲಿಂಗವ್ವ ಆಯಿ ಎಂದು ಹೇಳಿ ನಮ್ಮವ್ವ ಕತೆ ಮುಗಿಸುತ್ತಿದ್ದಳು.

ಚಿಕ್ಕಂದಿನಲ್ಲಿ ಈ ಕತೆ ಕೇಳಿ ನಾನೂ ಹೆಮ್ಮೆಪಟ್ಟಿದ್ದೆ. ಈಗ ನೆನೆದರೆ ಮೈ ಉರಿಯುತ್ತದೆ. ಅವನು ಒಂದು ಕುಕ್ಕರಿಗೆ ನಿನ್ನ ಮತ ಕೊಂಡ ಎಂದು ನೀವೆಲ್ಲ ತಿಳಿದಿದ್ದಿರಿ. ಮತ ಯಾವ ಲೆಕ್ಕ? ಅವನಿಗೆ ಸಿಕ್ಕಿದ್ದು ನಿನ್ನ ಪ್ರಾಮಾಣಿಕತೆ, ನಿನ್ನ ಮನೆತನ ಕಾಯ್ದುಕೊಂಡು ಬಂದ ಒಂದೇ ಒಂದು ಆಸ್ತಿ. ಸುಳ್ಳುಗಾರರ ಊರಿನಲ್ಲಿ ಹಣ ಹಂಚಿದ್ದರೆ ಅವನು ಒಂದೇ ಚುನಾವಣೆಗೆ ದಿವಾಳಿಯಾಗುತ್ತಿದ್ದ. ನೀನು ಸತ್ಯವಂತೆ ಎಂದು ಅವನಿಗೆ ಗೊತ್ತಿತ್ತು, ಅದಕ್ಕೇ ಗುಡಿಗೆ ಕರೆಸಿದ. ಅವನು ದೆಹಲಿಗೆ ಹೋಗಿ ಕುಕ್ಕರಿಗೆ ಹಣ ಕೊಟ್ಟವರ ಮಾತು ನಡೆಸಿದ. ನಿನಗೆ ಕೊಟ್ಟ ಮಾತು ಒಂದೂ ಇರಲಿಲ್ಲವಲ್ಲ, ಆಣೆ ಮಾಡಿದವಳು ನೀನೊಬ್ಬಳೇ! ಇಂಥದ್ದಕ್ಕೆ ಹೆಮ್ಮೆಪಡುವ ಮನೆಯಲ್ಲಿ ನಾನು ಹುಟ್ಟಿದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ನಮಗೆ ಕಲಿಸಿದವರೂ ನೀವೇ.

ಇನ್ನು ನನ್ನ ಮನೆಯ ಮಾತು ಕೇಳು. ಹಾಲುಮಡ್ಡಿಯಲ್ಲಿ ಒಂದು ಹೆರಿಗೆ ಆಸ್ಪತ್ರೆ ಇತ್ತು. ದೊಡ್ಡದೇನಲ್ಲ, ಹತ್ತು ಹಾಸಿಗೆ, ಒಂದು ಬೇವಿನ ಗಿಡ, ಕಸ್ತೂರೆವ್ವ ಬಾರ್ಕಿ ಎಂಬ ನರ್ಸು. ಊರಿನ ಅರ್ಧ ಜನ ಹುಟ್ಟಿದ್ದು ಆಕೆಯ ಕೈಯಲ್ಲಿ. ಹುಟ್ಟಿದವರನ್ನು ಅವರ ತಲೆ ನರೆತ ಮೇಲೂ ಆಕೆ ‘ಲೇ ಕೂಸೇ’ ಎಂದೇ ಕರೆಯುತ್ತಾಳೆ. ಔಷಧದ ಪೋಷಕರು ನೂರು ಮೈಲಿಗೊಂದು ಆಸ್ಪತ್ರೆ ಪಟ್ಟಣ ಕಟ್ಟಿದ್ದರು, ಅಲ್ಲಿಗೆ ಜನ ಬರುತ್ತಿರಲಿಲ್ಲ. ಜನ ಬರಬೇಕಾದರೆ ಊರ ಆಸ್ಪತ್ರೆಗಳು ಇರಬಾರದು. ಸಣ್ಣ ಊರುಗಳ ಹೆರಿಗೆ ಆಸ್ಪತ್ರೆಗಳನ್ನು ಮುಚ್ಚುವ ಕಾಯಿದೆ ಮಹಾಸಭೆಗೆ ಬಂತು. ನಮ್ಮ ಕೈಯೆತ್ತಪ್ಪ ಗುರುಶಾಂತಪ್ಪನೂ ಅದೇ ಆಸ್ಪತ್ರೆಯಲ್ಲಿ, ಅದೇ ಕಸ್ತೂರೆವ್ವನ ಕೈಯಲ್ಲಿ ಹುಟ್ಟಿದವನು. ಅವನೂ ಕೈಯೆತ್ತಿದ. ಕೇಳಲು ಹೋದಾಗ ತಲೆ ತಗ್ಗಿಸಿ, ‘ಅವರದು ಉಂಡೀನಿ ಯಕ್ಕಾ, ಒಲ್ಲೆ ಅನ್ನಾಕ ಬಾಯಿ ಬರಲಿಲ್ಲ’ ಎಂದ. ಅವನ ಕಣ್ಣಲ್ಲಿ ನೀರಿತ್ತು. ಬೇಲಿಯೇ ಹೊಲ ಮೇಯುವುದನ್ನು ನೀವು ನೋಡಿದ್ದೀರಿ. ಅಳುತ್ತಾ ಮೇಯುವ ಬೇಲಿಯನ್ನು ನಾವು ನೋಡಿದೆವು.

ಬಾಗಿಲಿಗೆ ಕೀಲಿ ಬಿದ್ದ ವರ್ಷವೇ ನನ್ನ ತಂಗಿ ಪಾರವ್ವ ಆಸ್ಪತ್ರೆ ಪಟ್ಟಣದ ದಾರಿಯಲ್ಲಿ, ಗಾಡಿಯಲ್ಲಿ, ನನ್ನ ತೊಡೆಯ ಮೇಲೆ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಅದಕ್ಕೂ ಮುಂಚಿನ ಚುನಾವಣೆಯಲ್ಲಿ ಅವಳು ನನ್ನ ಮುಂದೆಯೇ ದೀಪ ಮುಟ್ಟಿ, ನಗುನಗುತ್ತಾ ‘ಋಣ ತೀರಿತು’ ಅಂದಿದ್ದಳು. ನನ್ನ ಮಗಳು ಹಂಸಾ ಚಿಕ್ಕಮ್ಮನ ಹೆಣದ ಪಕ್ಕದಲ್ಲಿ ನಿಂತವಳು. ಈಗ ಅವಳ ಮದುವೆಯಾಗಿದೆ. ಮೊನ್ನೆ ಬೀಗರು ಮೊಮ್ಮಗುವಿನ ಮಾತೆತ್ತಿದಾಗ, ‘ಯವ್ವಾ, ಆ ಬಾಗಲದ ಕೀಲಿ ತೆಗಿಯೂತನಕ ನಾ ಹಡಿಯಂಗಿಲ್ಲ’ ಎಂದು ಎದ್ದು ಹೋದಳು.

ಹೋದ ಚುನಾವಣೆಯಲ್ಲಿ ಕಸ್ತೂರೆವ್ವ ತಾನೇ ನಿಂತಳು. ಗೆದ್ದರೆ ಆ ಕೀಲಿ ತೆಗೆಸುತ್ತೇನೆ, ಇಲ್ಲವಾದರೆ ಮಹಾಸಭೆಯ ಬಾಗಿಲಲ್ಲೇ ಹೆರಿಗೆ ಮಾಡಿಸುತ್ತೇನೆ ಎಂದಳು. ಅವಳ ಬಳಿ ಉಣಿಸಲು ಏನೂ ಇರಲಿಲ್ಲ. ಆ ಸಲ ಊರು ಒಂದು ಅಪರೂಪದ ಕೆಲಸ ಮಾಡಿತು: ಪೋಷಕರ ಚಪ್ಪರಕ್ಕೆ ಯಾರೂ ಕಾಲಿಡಲಿಲ್ಲ. ಉಂಡರಲ್ಲವೇ ಋಣ? ಊಟದ ತಿಂಗಳಲ್ಲಿ ಮನೆ ಮನೆಯಲ್ಲೂ ಒಲೆ ಹೊತ್ತಿತು. ಚಪ್ಪರದ ಅನ್ನವನ್ನು ಎಮ್ಮೆಗಳಿಗೂ ಹಾಕಲು ಬಿಡಲಿಲ್ಲ, ಎಮ್ಮೆಯ ಹಾಲು ಕುಡಿದರೆ ಋಣ ಬಂದೀತು ಎಂದು! ಆ ದಿನಗಳ ಸಂತೋಷ ಹೇಳತೀರದು. ನುಚ್ಚು ಮಜ್ಜಿಗೆ ಉಂಡು ನಾವು ಧಣಿಗಳಂತೆ ಓಡಾಡಿದೆವು.

ಚುನಾವಣೆಯ ಹಿಂದಿನ ಮಂಗಳವಾರ ದ್ಯಾಮವ್ವನ ಗುಡಿಯಲ್ಲಿ ದೊಡ್ಡ ಪೂಜೆ ಇಟ್ಟರು. ಖರ್ಚು ಯಾರದೆಂದು ಎಲ್ಲರಿಗೂ ಗೊತ್ತಿತ್ತು. ನಾವು ಕೈ ಮುಗಿದು ಹಿಂದಿರುಗುವಾಗ ಪೂಜಾರಿ ತಟ್ಟೆಯಲ್ಲಿ ಮಾದಲಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಗೋಧಿ, ಬೆಲ್ಲ, ಕೊಬ್ಬರಿ, ಗಸಗಸೆ. ನೀನೂ ಮಾಡಿದ ಮಾದಲಿಯೇ. ಜನ ಹಿಂಜರಿದರು. ‘ಇದು ಯಾರ ಊಟಾನೂ ಅಲ್ಲ, ಅವ್ವನ ಪ್ರಸಾದ. ಅವ್ವನ ಕೈಯಾಗಿಂದು ಒಲ್ಲೆ ಅಂತೀರೇನು?’ ಎಂದ ಪೂಜಾರಿ. ಪ್ರಸಾದಕ್ಕೆ ಕೈ ಒಡ್ಡದವರು ನಮ್ಮಲ್ಲಿ ಯಾರಿದ್ದಾರೆ, ಆಯಿ? ಒಬ್ಬೊಬ್ಬರೂ ಒಂದೊಂದು ಚಿಟಿಕೆ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡೆವು. ನಾನೂ ಹಾಕಿಕೊಂಡೆ. ಮರುದಿನ ಗುರುಶಾಂತಪ್ಪನ ಕಡೆಯವರು ಓಣಿ ಓಣಿಗೆ ಬಂದು ಬೇರೇನೂ ಹೇಳಲಿಲ್ಲ, ‘ಮಾದಲಿ ರುಚಿ ಇತ್ತಲ್ಲ?’ ಎಂದು ಕೇಳಿ ಹೋದರು. ಅಷ್ಟೇ ಸಾಕಾಯಿತು. ಇಡೀ ಊರಿಗೆ ಋಣ ಹತ್ತಿತ್ತು.

ಚುನಾವಣೆಯ ದಿನ ಒಬ್ಬರ ಹಿಂದೊಬ್ಬರು ಒಳಗೆ ಹೋಗಿ ಬಂದು ದೀಪ ಮುಟ್ಟಿದರು. ಮಧ್ಯಾಹ್ನದ ಹೊತ್ತಿಗೆ ಕಸ್ತೂರೆವ್ವ ಬಂದಳು. ಅವಳೊಬ್ಬಳಾದರೂ ದೀಪ ಮುಟ್ಟದೆ ಹೋಗುತ್ತಾಳೆ ಎಂದು ನಾವೆಲ್ಲ ನೋಡುತ್ತಿದ್ದೆವು. ಅವಳು ಹೊರಗೆ ಬಂದು, ಕಂಬ ಮುಟ್ಟಿ, ಎಲ್ಲರಿಗೂ ಕೇಳುವಂತೆ ‘ಋಣ ತೀರಿತು’ ಅಂದಳು. ನಾನು ಓಡಿ ಹೋಗಿ ಅವಳ ರಟ್ಟೆ ಹಿಡಿದೆ. ‘ನಾನೂ ತಿಂದಿದ್ದೆ ಫಕೀರವ್ವ. ತಿಂದ ಮ್ಯಾಲೆ ನನಗ ನಾನ ಹ್ಯಾಂಗ ಒತ್ತಿಕೊಳ್ಳಲಿ?’ ಎಂದಳು. ಒಂದು ಚಿಟಿಕೆ ಮಾದಲಿಗೆ ಆ ತಾಯಿ ತನ್ನ ವಿರುದ್ಧ ತಾನೇ ಮತ ಹಾಕಿ ಬಂದಳು. ಜಗತ್ತಿನಲ್ಲಿ ಇಷ್ಟು ಒಳ್ಳೆಯ ಜನ, ಇಷ್ಟು ಮೂರ್ಖ ಜನ ಬೇರೆಲ್ಲಾದರೂ ಇದ್ದಾರೆಯೇ? ಆ ಸಂಜೆ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಗುರುಶಾಂತಪ್ಪ ಈ ವರ್ಷ ಎದೆ ನೋವಿನಿಂದ ತೀರಿಕೊಂಡ. ನಾಳೆ ಅವನ ಸೀಟಿಗೆ ಉಪಚುನಾವಣೆ. ಪೋಷಕರು ಅವನ ಅಳಿಯನನ್ನು ನಿಲ್ಲಿಸಿದ್ದಾರೆ. ಕಸ್ತೂರೆವ್ವನನ್ನು ಕಾಡಿ ಬೇಡಿ ಮತ್ತೆ ನಿಲ್ಲಿಸಿದ್ದೇವೆ. ಈ ಸಲ ಪ್ರಸಾದವನ್ನೂ ಒಲ್ಲೆ ಎನ್ನಲು ಜನ ಕಲ್ಲು ಮನಸ್ಸು ಮಾಡಿಕೊಂಡಿದ್ದರು. ಪೋಷಕರು ನಮಗಿಂತ ಒಂದು ಹೆಜ್ಜೆ ಮುಂದೆ. ಈ ತಿಂಗಳು ಪೂರ್ತಿ ಊರಿನ ನಲ್ಲಿಗಳಲ್ಲಿ ಬರುವ ನೀರು ಅವರ ದಾನವಂತೆ, ಡಂಗುರ ಸಾರಿ ಹೇಳಿದ್ದಾರೆ. ನಮ್ಮ ವರದೆಯನ್ನೇ ಎಳೆದು, ಒಣಗಿಸಿ, ಅದೇ ನೀರನ್ನು ನಮಗೇ ದಾನ! ಅನ್ನ ಬಿಡಬಹುದು, ಪ್ರಸಾದವನ್ನೂ ಬಿಡಬಹುದು, ಈ ಬಿಸಿಲಿನಲ್ಲಿ ನೀರು ಬಿಡುವುದು ಹೇಗೆ? ಕುಡಿದಿದ್ದೇವೆ. ಎಲ್ಲರೂ ಕುಡಿದಿದ್ದೇವೆ. ಹಾಗಾಗಿ ಇನ್ನು ಉಳಿದಿರುವುದು ಒಂದೇ ದಾರಿ: ಋಣ ಇಟ್ಟುಕೊಂಡೇ ಮಾತು ತಪ್ಪುವುದು.

ತಪ್ಪಲು ನಾನು ತಯಾರಿದ್ದೇನೆ. ನಾಳೆ ಕಸ್ತೂರೆವ್ವನಿಗೆ ಒತ್ತಿ, ದೀಪ ಮುಟ್ಟದೆ ಬರುತ್ತೇನೆ. ನಾನು ಹಾಗೆ ಬಂದರೆ ಇನ್ನೂ ಹಲವರು ಬರುತ್ತಾರೆ, ಅವರ ಮುಖ ನೋಡಿದರೆ ನನಗೆ ಗೊತ್ತಾಗುತ್ತದೆ. ಎಲ್ಲರೂ ಮೊದಲಿನವರಿಗಾಗಿ ಕಾಯುತ್ತಿದ್ದಾರೆ. ಆದರೆ ದೀಪ ಮುಟ್ಟದವರನ್ನು ಕಟ್ಟೆಗೆ, ಎಂದರೆ ಊರ ಹಿರಿಯರ ಪಂಚಾಯಿತಿಗೆ, ಕರೆಯುತ್ತಾರೆ. ತಪ್ಪು ಸಾಬೀತಾದರೆ ಆ ಮನೆಗೆ ಬೆಂಕಿ ನೀರು ಬಂದ್, ಪೂರಾ ಬಹಿಷ್ಕಾರ. ನನ್ನ ಮೇಲೆ ಬಿದ್ದರೆ ಚಿಂತೆಯಿಲ್ಲ. ಅದು ಮನೆತನದ ಮೇಲೆ ಬೀಳುತ್ತದೆ. ನಾಳೆ ಆಸ್ಪತ್ರೆಯ ಬಾಗಿಲು ತೆಗೆದು ಹಂಸಾ ಹಡೆದಳೆಂದರೂ ಅವಳ ಕೂಸಿನ ತೊಟ್ಟಿಲು ಕಟ್ಟಲು ಒಬ್ಬ ಮುತ್ತೈದೆಯೂ ಬರುವುದಿಲ್ಲ, ಯಾರೂ ಅದನ್ನು ಎತ್ತಿಕೊಳ್ಳುವುದಿಲ್ಲ.

ಬಿಡುಗಡೆಗೆ ಕಟ್ಟೆಯಲ್ಲಿ ಒಂದೇ ಒಂದು ನಿಯಮ ಇದೆ. ನಮ್ಮ ಮನೆಯ ಹಿರಿಯರಲ್ಲಿ ಒಬ್ಬರು ಹೀಗೇ ಮಾಡಿದ್ದರು ಎಂದು ತೋರಿಸಿದರೆ ಅದು ಮನೆಯ ನಡೆ ಎನಿಸಿಕೊಳ್ಳುತ್ತದೆ, ಅದಕ್ಕೆ ಶಿಕ್ಷೆ ಇಲ್ಲ. ಬರಹ ಬೇಕಿಲ್ಲ, ತಾಯಿ ಮಗಳಿಗೆ ಹೇಳಿದ ಕತೆ ಸಾಕು, ಬೀಸುವಾಗ ಹಾಡಿದ ಒಂದು ಪದ ಸಾಕು. ನಾನು ನೆನಪಿನ ಮೂಲೆ ಮೂಲೆ ಗುಡಿಸಿ ನೋಡಿದೆ. ಎಂಟು ತಲೆಯಲ್ಲಿ ಒಬ್ಬಳಾದರೂ ಇಲ್ಲ! ಎಲ್ಲರೂ ಕೊಟ್ಟ ಮಾತು ಉಳಿಸಿಕೊಂಡವರು, ಎಲ್ಲರೂ ಅತ್ತು ಒತ್ತಿ ಬಂದವರು, ಎಲ್ಲರೂ ನಿನ್ನ ಕತೆ ಕೇಳಿ ಬೆಳೆದವರು.

ಅದಕ್ಕೇ ಈ ಕಾಗದ. ಕುಕ್ಕರ್ ಬೇಡವೆಂದು ನಾನು ಹೇಳುವುದಿಲ್ಲ, ಉಡಿಗೆ ಬಿದ್ದಾಗಿದೆ, ಅದರಲ್ಲಿ ಬೇಳೆ ಬೇಯಿಸು, ಮಕ್ಕಳಿಗೆ ಉಣಿಸು. ಆಣೆಯೂ ಆಗಿಹೋಗಿದೆ. ಆದರೆ ಚುನಾವಣೆ ನಿನಗೆ ಇನ್ನೂ ಮುಂದಿದೆ. ಆ ದಿನ ಅಡುಗೆಮನೆಯಲ್ಲಿ ಕೂತು ಅಳಬೇಡ. ಎದ್ದು ಹೋಗಿ ಆ ವಕೀಲರಿಗೆ ಒತ್ತು. ದ್ಯಾಮವ್ವ ಮುನಿಯುವುದಿಲ್ಲ, ತನ್ನ ದೀಪವನ್ನು ವ್ಯಾಪಾರಕ್ಕೆ ಹಚ್ಚಿದವನ ಮೇಲೆ ಮುನಿಯದೆ ನಿನ್ನ ಮೇಲೆ ಮುನಿದರೆ ಅವಳೆಂಥ ತಾಯಿ? ವಕೀಲರು ಸೋಲಲಿ, ಗೆಲ್ಲಲಿ, ನಿನ್ನ ಒಂದು ಮತದಿಂದ ಏನಾಗುತ್ತದೋ ನನಗೆ ಗೊತ್ತಿಲ್ಲ. ನೀನು ಮನೆಗೆ ಬಂದು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಾನು ಇವತ್ತು ಮಾತು ತಪ್ಪಿದೆ, ಯಾಕೆ ತಪ್ಪಿದೆ ಕೇಳು ಎಂದು ಹೇಳು. ಅವಳು ತನ್ನ ಮಗಳಿಗೆ ಹೇಳಲಿ.

ಈಗ ಯಂತ್ರಗಳ ಸದ್ದು ಕೇಳುತ್ತಿದೆ, ಹೊಳೆ ತಿರುಗುತ್ತಿದೆ, ಕಾಗದ ಬಿಡುವ ಹೊತ್ತು. ನಾಳೆ ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗಲೋ ಚಪ್ಪಲಿ ಮೆಟ್ಟುವಾಗಲೋ, ಇವತ್ತಿನವರೆಗೆ ನನಗೆ ಗೊತ್ತಿಲ್ಲದ ಒಂದು ಕತೆ, ನಮ್ಮವ್ವ ನನಗೆ ಚಿಕ್ಕಂದಿನಲ್ಲಿ ಹೇಳಿದ ಕತೆ, ನೆನಪಾದರೆ ನೀನು ಇದನ್ನು ಓದಿದೆ ಎಂದು ತಿಳಿಯುತ್ತೇನೆ.

ನೆನಪಾಗದಿದ್ದರೂ ನಾನು ದೀಪ ಮುಟ್ಟದೆ ಮನೆಗೆ ಬರುತ್ತೇನೆ. ಬಂದು ಹಂಸಾಳನ್ನು ಹತ್ತಿರ ಕೂರಿಸಿಕೊಂಡು ಎಲ್ಲ ಹೇಳುತ್ತೇನೆ. ಅವಳಿಗೆ ಮಗಳು ಹುಟ್ಟಿದರೆ, ಅವಳ ಮಗಳು ಒಂದು ದಿನ ಕಟ್ಟೆಯ ಮುಂದೆ ನಿಲ್ಲಬೇಕಾಗಿ ಬಂದರೆ, ಹೇಳಿಕೊಳ್ಳಲು ಅವಳಿಗೆ ಮಾತು ತಪ್ಪಿದ ಒಬ್ಬ ಆಯಿ ಇರುತ್ತಾಳೆ.

ನಿನ್ನ ಮೇಲೆ ಸಿಟ್ಟಿರುವ, ನಿನ್ನನ್ನು ಬಿಟ್ಟರೆ ಬೇರೆ ಯಾರೂ ಇಲ್ಲದ,
ಹಂಸಾಳ ಅವ್ವ ಫಕೀರವ್ವ